ಅಳತೆ ಪುಸ್ತಕದ ಹಿಂದಿನ ಪುಟಗಳು

ಮಂಗಳೂರಿನಲ್ಲಿ ಮೂವತ್ತೊಂದು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಬ್ಲೌಸ್, ಚೂಡಿದಾರ್, ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮ್. ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಕ್ರೈಸ್ತ ಸಭೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಇಲ್ಲಿ ಬಂದಿಳಿದ ಮೇಲೆ ಬೆಳೆದ ಸಭೆಗಳಲ್ಲಿ ಒಂದು. ಅಜ್ಜನ ತಂದೆ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ಕೂತವರು. ಹಾಗಾಗಿ ಬಟ್ಟೆ, ಬೈಬಲ್ ಎರಡೂ ನನಗೆ ಮನೆಯಿಂದಲೇ ಬಂದವು.

ಮೂರು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಬಂತು. ನೇವಿ ಬ್ಲೂ ನೂಲು ಯಾವುದು, ಕಪ್ಪು ಯಾವುದು ಗೊತ್ತಾಗದೆ ಪ್ರತಿ ಸಲ ಹೆಂಡತಿಯನ್ನು ಕರೆಯುತ್ತಿದ್ದೆ. ಸೂಜಿಗೆ ನೂಲು ಪೋಣಿಸುವುದೂ ಅವಳೇ. ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವಳ ಸೀರೆಯ ನೀಲಿ. ಆ ಸೀರೆಯನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ, ಆದರೆ ಅದು ಅಷ್ಟು ನೀಲಿ ಎಂದು ಮರೆತೇ ಹೋಗಿತ್ತು. ಅಲ್ಲೇ ಕೂತು ಅತ್ತೆ. ಸ್ತೋತ್ರ ಸ್ವಾಮಿ, ಸ್ತೋತ್ರ ಸ್ವಾಮಿ ಎನ್ನುವುದು ಬಿಟ್ಟು ಬೇರೆ ಮಾತು ಬಾಯಿಗೆ ಬರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಆ ಸಂತೋಷ ಮಾಸಿತು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾನು ಹೇಳುತ್ತಿದ್ದ ಸ್ತೋತ್ರ ಬಾಯಿಪಾಠದ ಹಾಗೆ ಉರುಳಿ ಹೋಗುತ್ತಿತ್ತು. ಒಂದು ರಾತ್ರಿ ಓದಲು ಸಿಕ್ಕಿದ್ದು ಬೈಬಲಿನ 116ನೆಯ ಕೀರ್ತನೆ. ದೇವರು ಮಾಡಿದ ಉಪಕಾರಗಳಿಗೆ ಬದಲೇನು ಮಾಡಲಿ ಎಂದು ಅಲ್ಲಿ ಭಕ್ತ ಕೇಳುತ್ತಾನೆ. ಬದಲು ಕೊಡುವುದು ಆಮೇಲಿನ ಮಾತು, ಉಪಕಾರಗಳು ಯಾವುವು ಎಂದು ಯಾರಾದರೂ ಕೇಳಿದರೆ ಕಣ್ಣೊಂದನ್ನು ಬಿಟ್ಟು ಇನ್ನೇನು ಹೇಳಲಿ ಎಂದು ನನಗೇ ನಾಚಿಕೆಯಾಯಿತು.

ಮರುದಿನ ಅಂಗಡಿಯಲ್ಲಿ ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟದಿಂದ ಬರೆಯಲು ಶುರುಮಾಡಿದೆ. ದಿನಕ್ಕೆ ಒಂದೇ ಸಾಲು. ‘ದೇವರು ಒಳ್ಳೆಯವನು’ ಎಂದಷ್ಟೇ ಬರೆಯಬಾರದು, ಇವತ್ತು ಆದದ್ದನ್ನೇ ಬರೆಯಬೇಕು ಎಂಬ ನಿಯಮ ಇಟ್ಟುಕೊಂಡೆ. ‘ಕರೆಂಟ್ ಹೋಗುವ ಮೊದಲೇ ಇಸ್ತ್ರಿ ಮುಗಿಯಿತು.’ ‘ಮಗಳು ಫೋನಿನಲ್ಲಿ ನಕ್ಕಳು.’ ‘ನೂಲು ಒಂದೇ ಸಲಕ್ಕೆ ಪೋಣಿಸಿದೆ.’ ಮುಂದಿನ ಪುಟಗಳಲ್ಲಿ ಎದೆ, ಸೊಂಟ, ತೋಳು. ಹಿಂದಿನ ಪುಟಗಳಲ್ಲಿ ಇವು.

ಪ್ರಾರ್ಥನೆಯೂ ಅದೇ ಪುಸ್ತಕಕ್ಕೆ ಹೊಂದಿಕೊಂಡಿತು. ಯಾರ ಬಟ್ಟೆ ಹೊಲಿಯುತ್ತೇನೋ, ಅಂಚು ಮಡಚುವಾಗ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಒಂದು ಬ್ಲೌಸಿನ ಅಂಚಿಗೆ ಎಷ್ಟು ಹೊತ್ತು ಬೇಕೋ ಅಷ್ಟು. ಅವರಿಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಆದರೆ ಬರೆಯುತ್ತಾ ಹೋದಂತೆ ಒಂದು ವಿಷಯ ಚುಚ್ಚತೊಡಗಿತು. ಮೆಷಿನ್ನಿನ ಮೇಲಿನ ಹಲಗೆಯಲ್ಲಿ ಉಳಿದ ಬಟ್ಟೆಯ ಗಂಟುಗಳಿದ್ದವು. ಗಿರಾಕಿ ಒಂದು ಮೀಟರ್ ತಂದರೆ ಎಂಬತ್ತು ಸೆಂಟಿಮೀಟರಿನಲ್ಲಿ ಬ್ಲೌಸ್ ಮುಗಿಸಿ ಮಿಕ್ಕಿದ್ದನ್ನು ಇಟ್ಟುಕೊಳ್ಳುವುದು ನಮ್ಮ ಕಸುಬಿನಲ್ಲಿ ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ನನಗೂ ಅನಿಸಿರಲಿಲ್ಲ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಅಳತೆ, ತೂಕಗಳಲ್ಲಿ ಅನ್ಯಾಯ ಮಾಡಬೇಡಿ ಎಂದು ಹೇಳಿದ ಕೂಡಲೇ ದೇವರು ತನ್ನ ಪರಿಚಯ ಹೇಳುತ್ತಾನೆ: ನಿಮ್ಮನ್ನು ಐಗುಪ್ತದಿಂದ ಹೊರಗೆ ತಂದವನು ನಾನೇ. ಅದನ್ನು ಎಷ್ಟೋ ಸಲ ಓದಿದ್ದೆ. ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡಿಸಿದ ಉಪಕಾರಕ್ಕೂ ಅಳತೆಯ ಟೇಪಿಗೂ ಅಲ್ಲೇ ಗಂಟು ಬಿದ್ದಿದೆ ಎಂಬುದು ಈಗಷ್ಟೇ ಕಂಡಿತು. ಯಾವ ಕಣ್ಣಿಗಾಗಿ ಪುಟಗಟ್ಟಲೆ ಸ್ತೋತ್ರ ಬರೆದಿದ್ದೆನೋ ಅದೇ ಕಣ್ಣಿನ ಎದುರಿಗೆ ಆ ಗಂಟುಗಳಿದ್ದವು.

ಗುರುತು ಸಿಕ್ಕಿದವರಿಗೆಲ್ಲ ವಾಪಸು ಕೊಟ್ಟೆ. ಕೆಲವರು ನಕ್ಕರು, ಒಬ್ಬರು ನನ್ನ ಮೇಲೆ ಸಂಶಯಪಟ್ಟರು, ಅದೂ ನ್ಯಾಯವೇ. ಯಾರದೆಂದು ಗೊತ್ತಾಗದೆ ಉಳಿದದ್ದು ಒಂದು ಚೀಲದ ತುಂಬ. ಅದರಿಂದ ಮಕ್ಕಳ ಫ್ರಾಕ್ ಹೊಲಿದು ಚರ್ಚಿನ ಬೆಳೆಹಬ್ಬಕ್ಕೆ ಕಾಣಿಕೆ ಕೊಡೋಣ ಎಂದುಕೊಂಡಿದ್ದೆ. ಹೆಂಡತಿ ತಡೆದಳು: ‘ಬೇರೆಯವರ ಬಟ್ಟೆಯನ್ನು ನಿಮ್ಮ ಕಾಣಿಕೆ ಅಂತ ಕೊಡುವುದಾ?’ ಅವಳ ಮಾತು ಸರಿ. ಆ ಫ್ರಾಕುಗಳು ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಹೋದವು. ಹಬ್ಬಕ್ಕೆ ನಾನು ದುಡ್ಡು ಕೊಟ್ಟು ತಂದ ಹಳದಿ ಕಾಟನ್‌ನಲ್ಲಿ ಬೇರೆಯೇ ಒಂದು ಫ್ರಾಕ್ ಹೊಲಿದೆ. ಈಗ ಪ್ರತಿ ಬಟ್ಟೆಯ ಜೊತೆ ಉಳಿದ ತುಂಡನ್ನೂ ಮಡಚಿ ಪಿನ್ ಹಾಕಿ ಕೊಡುತ್ತೇನೆ.

ಎಲ್ಲ ದಿನವೂ ಸಂತೋಷ ಇರುತ್ತದೆ ಎಂದಲ್ಲ. ಮಳೆಗಾಲದಲ್ಲಿ ಗಿರಾಕಿ ಕಡಿಮೆ, ರೆಡಿಮೇಡ್ ಬಂದ ಮೇಲೆ ಇನ್ನೂ ಕಡಿಮೆ. ಬರೆಯಲು ಏನೂ ತೋಚದ ದಿನ ಹಳೆಯ ಪುಟಗಳನ್ನು ಗಟ್ಟಿಯಾಗಿ ಓದುತ್ತೇನೆ. ಓದುತ್ತಾ ಓದುತ್ತಾ ಸ್ವರ ತಾನಾಗಿ ಬದಲಾಗುತ್ತದೆ, ಒಮ್ಮೊಮ್ಮೆ ಹಾಡೂ ಬರುತ್ತದೆ.

ಬೆಳೆಹಬ್ಬದ ದಿನ ವೇದಿಯ ಮುಂದೆ ತೆಂಗಿನಕಾಯಿ, ಬಾಳೆಗೊನೆ, ಬಸಳೆ ಕಟ್ಟು, ಮಂಗಳೂರು ಸೌತೆ, ಅವುಗಳ ನಡುವೆ ನನ್ನ ಹಳದಿ ಫ್ರಾಕ್. ಆರಾಧನೆ ಮುಗಿದ ಮೇಲೆ ಆ ಕಾಣಿಕೆಗಳ ಏಲಂ, ಅಂದರೆ ಹರಾಜು. ಮೊದಲು ತೆಗೆದುಕೊಂಡವರು ಅದನ್ನು ಮತ್ತೆ ಏಲಕ್ಕೇ ಕೊಟ್ಟರು, ಎರಡನೆಯವರೂ ಹಾಗೆಯೇ. ಮೂರನೆಯ ಸಲ ತೆಗೆದುಕೊಂಡ ಅಜ್ಜಿ ಸೋಮವಾರ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಎರಡು ಇಂಚು ಉದ್ದವಾಗಿತ್ತು. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹೆಸರು ಕೇಳಿದೆ, ಅಂಚು ಮಡಚಿದೆ.