ರಿಯಾದ್‌ಗೆ ಹೊರಟವಳ ಪೆಟ್ಟಿಗೆ

ಚಿಂತಾಮಣಿ ಕಡೆಯಿಂದ ಸೌದಿಗೆ ನರ್ಸ್ ಕೆಲಸಕ್ಕೆ ಹೊರಟ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಬುರ್ಖಾ ಬಗ್ಗೆ. 2019ರಿಂದ ಅಲ್ಲಿ ವಿದೇಶಿ ಹೆಂಗಸರಿಗೆ ಅಬಾಯಾ (ಬಟ್ಟೆ ಮೇಲೆ ಹಾಕಿಕೊಳ್ಳುವ ಉದ್ದನೆ ಸಡಿಲ ನಿಲುವಂಗಿ) ಕಡ್ಡಾಯವಿಲ್ಲ. ಭುಜ, ಮೊಣಕಾಲು ಮುಚ್ಚುವ ಸಡಿಲ ಬಟ್ಟೆ ಮಾತ್ರ ಬೇಕೇ ಬೇಕು.

ಹೊರಡುವ ಮುಂಚೆ ಟೈಲರ್ ಹತ್ತಿರ ನಾಲ್ಕು ಚೂಡಿದಾರ್ ಹೊಲಿಸಿಕೊಳ್ಳಿ. ತುಂಬು ತೋಳು, ಮೊಣಕಾಲು ದಾಟುವ ಟಾಪ್, ಸೈಡ್ ಕಟ್ ಜಾಸ್ತಿ ಬೇಡ. ಲೆಗ್ಗಿಂಗ್ಸ್ ಮೈಗೆ ಅಂಟುತ್ತೆ, ಸಡಿಲ ಪ್ಯಾಂಟೇ ವಾಸಿ. ದುಪಟ್ಟಾ ಕಾಟನ್‌ದಿರಲಿ, ನೆಟ್‌ದು ಸುಮ್ನೆ ದಂಡ.

ನಾನಂತೂ ಒಂದು ಕಪ್ಪು ಅಬಾಯಾ ಇಟ್ಟುಕೊಂಡಿದ್ದೆ. ಒಳಗೆ ಹಳೇ ನೈಟಿ ಇದ್ದರೂ ಅಂಗಡಿಗೆ ಹೋಗಿ ಬರಬಹುದು, ಯಾರಿಗೆ ಗೊತ್ತಾಗುತ್ತೆ? ಅದನ್ನು ಕೊಳ್ಳುವಾಗ ಚಪ್ಪಲಿ ಹಾಕಿಕೊಂಡೇ ಉದ್ದ ನೋಡಿ. ನನ್ನದು ಉದ್ದವಾಗಿ, ಎಸ್ಕಲೇಟರ್‌ನಲ್ಲಿ ಸಿಕ್ಕಿಕೊಂಡು ಅಂಚೆಲ್ಲ ಹರಿದಿತ್ತು.

ಸ್ವೆಟರ್ ಮರೆಯಬೇಡಿ. ಮಾಲ್‌ಗಳ ಎಸಿಗೆ ಹಲ್ಲು ಕಟಕಟ ಅನ್ನುತ್ತೆ.