ಒಂದೇ ದಿನದಲ್ಲಿ ಹಳೇ ಬೆಂಗಳೂರು: ಬೈ ಟೂ ಲೆಕ್ಕದಲ್ಲಿ

ಹೋದ ವರ್ಷ ಹುಬ್ಬಳ್ಳಿಯಿಂದ ಅಕ್ಕ-ಭಾವ ಬಂದಿದ್ದರು. ಅವತ್ತು ಭಾನುವಾರ. ಹತ್ತು ಗಂಟೆಗೆ ಕಾರು ಬಂತು. ಒಂದು ಹೋಟೆಲಿನ ಮುಂದೆ ಮುಕ್ಕಾಲು ಗಂಟೆ ಕಾದೆವು. ಕಾದ ಸಿಟ್ಟಿಗೆ ಭಾವ ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ವಡೆ, ಅದರ ಮೇಲೊಂದು ಕೇಸರಿಬಾತ್ ಮುಗಿಸಿದರು. ಆಮೇಲೆ ಲಾಲ್‌ಬಾಗಿನ ಬೆಂಚಿನ ಮೇಲೆ ಒರಗಿದವರು ಎದ್ದಿದ್ದು ಮೂರು ಗಂಟೆಗೆ. ಸಂಜೆ ಟ್ರಾಫಿಕ್ಕಿನಲ್ಲಿ ಕೂತು, "ಏನೈತಪ್ಪಾ ನಿಮ್ಮ ಬೆಂಗಳೂರಾಗ ನೋಡಾಕ?" ಅಂದರು.

ಅವರದೇನೂ ತಪ್ಪಿಲ್ಲ, ದಿನ ಹಾಳು ಮಾಡಿದ್ದು ನಾನು. ಅದಾದ ಮೇಲೆ ಬಂದ ನೆಂಟರನ್ನೆಲ್ಲ ಈ ಕೆಳಗಿನ ಕ್ರಮದಲ್ಲೇ ಕರೆದುಕೊಂಡು ಹೋಗುತ್ತಿದ್ದೇನೆ. ಯಾರೂ ಬೆಂಚಿನ ಮೇಲೆ ಮಲಗಿಲ್ಲ.

ಹೆಜ್ಜೆ 1: ವಾರ ನೋಡಿ ಹೊರಡಿ

ಮುಹೂರ್ತ ಬೇಡ, ವಾರ ಮಾತ್ರ ನೋಡಿ. ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ರಜೆ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರಜೆ. ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಚ್ಚಿರುತ್ತದೆ, ಮೆಟ್ರೊ ಕೂಡ ತಡವಾಗಿ ಶುರುವಾಗುತ್ತದೆ. ಶನಿವಾರ ಎಲ್ಲವೂ ತೆರೆದಿರುತ್ತದೆ, ಆದರೆ ಇಡೀ ಊರೇ ಅಲ್ಲಿರುತ್ತದೆ. ಉಳಿದಿದ್ದು ಮಂಗಳವಾರ, ಬುಧವಾರ, ಗುರುವಾರ. ಒಂದು ದಿನ ರಜೆ ಹಾಕಿ. ಹಬ್ಬದ ಹಿಂದಿನ ದಿನ ಮಾತ್ರ ಬೇಡವೇ ಬೇಡ. ಯಾಕೆಂದು ಮಾರ್ಕೆಟ್ ಹತ್ತಿರ ಬಂದಾಗ ಹೇಳುತ್ತೇನೆ.

ಹೆಜ್ಜೆ 2: ಕಾರು ಬಿಡಿ

ಹಸಿರು ಮಾರ್ಗದ ಮೆಟ್ರೊ ಸಾಕು. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳು ಸಾಲಾಗಿ ಬರುತ್ತವೆ. ಹಳೇ ಬೆಂಗಳೂರು ಈ ಗೆರೆಯ ಎಡಬಲಕ್ಕೇ ಇದೆ. "ಒಂದೇ ದಿನದಲ್ಲಿ ಇಡೀ ಬೆಂಗಳೂರು" ಎನ್ನುವ ಪ್ಯಾಕೇಜ್ ಬಸ್ಸು ಹತ್ತಿದರೆ ನಿಮಗೆ ಕಾಣುವುದು ಮುಂದಿನ ಬಸ್ಸಿನ ಹಿಂಭಾಗ.

ಹೆಜ್ಜೆ 3: ಬೆಳಗ್ಗೆ ಆರಕ್ಕೆ ಮಾರ್ಕೆಟ್

ಜನ ಎಡವುವುದು ಇಲ್ಲೇ. ಹತ್ತು ಗಂಟೆಗೆ ಹೋಗಿ, ಕೊಳೆತ ಸೊಪ್ಪು, ಕೆಸರು, ಹಾರ್ನ್ ನೋಡಿ, ಮೂಗು ಮುಚ್ಚಿಕೊಂಡು ವಾಪಸ್ ಬರುತ್ತಾರೆ. ಆರಕ್ಕೆ ಹೋದರೆ ಅದೇ ಜಾಗ ಬೇರೆ ಲೋಕ.

ಮೊದಲು ಚಪ್ಪಲಿಯ ವಿಷಯ. ಕಾಲು ಮುಚ್ಚುವ ಹಳೇ ಶೂ ಹಾಕಿ. ನೆಲದ ಮೇಲೆ ನೀರು, ಹೂವಿನ ಎಸಳು, ಬಾಳೆಎಲೆ ಸೇರಿ ಪಾಚಿಯಂತೆ ಜಾರುತ್ತದೆ. ರಬ್ಬರ್ ಚಪ್ಪಲಿ ಹಾಕಿ ಬಂದ ನನ್ನ ಚಿಕ್ಕಪ್ಪ ಸೇವಂತಿಗೆ ರಾಶಿಯ ಮೇಲೆ ಕೂತೇಬಿಟ್ಟಿದ್ದರು. ಹೂವಿನವಳು ಬೈಯಲಿಲ್ಲ, ಕಾಲು ಕೆಜಿಯ ದುಡ್ಡು ಮಾತ್ರ ತಗೊಂಡಳು. ಬ್ಯಾಗು ಎದೆ ಮುಂದಿರಲಿ, ಫೋನು ಮುಂದಿನ ಜೇಬಿನಲ್ಲಿರಲಿ.

ಒಳಗೆ ಹೋದ ಕೂಡಲೇ ಹೂವಿನ ಸಾಲಿಗೆ ನುಗ್ಗಬೇಡಿ. ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಿ, ಅಲ್ಲಿಂದ ಬಗ್ಗಿ ನೋಡಿ. ಕೆಳಗೆ ಹಳದಿ ಸೇವಂತಿಗೆ, ಕೇಸರಿ ಚೆಂಡು ಹೂ, ಬಿಳಿ ಸುಗಂಧರಾಜ, ಕೆಂಪು ಗುಲಾಬಿ ಗುಡ್ಡೆ ಗುಡ್ಡೆಯಾಗಿರುತ್ತವೆ. ನಡುವೆ ಜನ ಇರುವೆಯಂತೆ ಓಡಾಡುತ್ತಿರುತ್ತಾರೆ. ಫೋಟೊ ಇಲ್ಲೇ ತೆಗೆದು ಮುಗಿಸಿಬಿಡಿ. ಕೆಳಗೆ ಇಳಿದ ಮೇಲೆ ಫೋನು ಹಿಡಿದು ನಿಂತರೆ ನೀವು ದಾರಿಗೆ ಅಡ್ಡ. ತಲೆ ಮೇಲೆ ಮೂಟೆ ಹೊತ್ತವರಿಗೆ ಎದುರಿನ ಮೂರಡಿ ಮಾತ್ರ ಕಾಣುತ್ತದೆ, ನಿಮಗಾಗಿ ಅವರು ನಿಲ್ಲುವುದಿಲ್ಲ. "ಸೈಡ್ ಸೈಡ್" ಎಂದು ಕೇಳಿಸಿದರೆ ಯಾರು ಕೂಗಿದರು ಎಂದು ತಿರುಗಿ ನೋಡಬೇಡಿ, ಮೊದಲು ಗೋಡೆಗೆ ಒತ್ತಿಕೊಳ್ಳಿ. ಮೆಟ್ಟಿಲ ಮೇಲಂತೂ ನಿಲ್ಲಲೇಬೇಡಿ.

ಹೂ ಕೊಳ್ಳುವುದಕ್ಕೂ ಒಂದು ರೀತಿ ಇದೆ. ಬಿಡಿ ಹೂ ಕೆಜಿ ಲೆಕ್ಕ. ಕಟ್ಟಿದ ಹೂ ಮೊಳ ಅಥವಾ ಮಾರು ಲೆಕ್ಕ. ಮೊಳ ಅಂದರೆ ಮಾರುವವರ ಮೊಳಕೈ, ನಿಮ್ಮದಲ್ಲ. ಉದ್ದ ಕೈಯವರ ಹತ್ತಿರ ಕೊಂಡರೆ ಲಾಭ ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಾನು ಈಗಲೂ ಕೈ ನೋಡಿಯೇ ಅಂಗಡಿ ಆರಿಸುತ್ತೇನೆ. ಮಲ್ಲಿಗೆ, ಕನಕಾಂಬರ ಒಂದೆರಡು ಮೊಳ ಕೊಳ್ಳಿ, ಅಕ್ಕನ ತಲೆಗೂ ಆಯಿತು, ಮುಂದೆ ದೇವಸ್ಥಾನಕ್ಕೂ ಆಯಿತು. ಸುಮ್ನೆ ಫೋಟೊಗೆಂದು ರೇಟು ಕೇಳಿ, ಚೌಕಾಸಿ ಮಾಡಿ, ಬಿಟ್ಟು ಹೋಗಬೇಡಿ. ಅದು ಅವರ ದುಡಿಮೆಯ ಹೊತ್ತು. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹೂವಿನ ರೇಟೂ ಆಕಾಶದಲ್ಲಿರುತ್ತದೆ. ಅದಕ್ಕೇ ಬೇಡ ಎಂದಿದ್ದು.

ಹೊರಗೆ ಬಂದು ಒಂದು ಬೈ ಟೂ ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ. ನಾಚಿಕೆ ಬೇಡ, ಈ ಊರಿನಲ್ಲಿ ಅದು ಜಿಪುಣತನವಲ್ಲ. ಇಡೀ ದಿನದ ಗುಟ್ಟೂ ಅದೇ: ಯಾವುದನ್ನೂ ಪೂರ್ತಿ ತಿನ್ನಬೇಡಿ, ಎಲ್ಲವನ್ನೂ ಇಬ್ಬರು ಸೇರಿ ತಿನ್ನಿ.

ಹೆಜ್ಜೆ 4: ಅಂಗಡಿ ತೆರೆಯುವ ಮೊದಲು ಪೇಟೆ

ಮಾರ್ಕೆಟ್ಟಿನಿಂದ ಅವೆನ್ಯೂ ರಸ್ತೆ ಹಿಡಿಯಿರಿ. ಅದೇ ಹಳೇ ದೊಡ್ಡಪೇಟೆ. ಚಿಕ್ಕಪೇಟೆ ಅದನ್ನು ಕೂಡುವ ಜಾಗದಿಂದಲೇ ಕೆಂಪೇಗೌಡರು 1537ರಲ್ಲಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಪೇಟೆಯ ಬೀದಿ ಗುರುತು ಮಾಡಿಸಿದರು ಎಂಬ ಕಥೆ ಇದೆ. ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಬೋರ್ಡುಗಳನ್ನು ಓದುತ್ತಾ ಹೋದರೆ ಯಾರು ಎಲ್ಲಿ ಏನು ಮಾಡುತ್ತಿದ್ದರು ಎಂಬುದು ತಾನೇ ತಿಳಿಯುತ್ತದೆ. ಬಳೇಪೇಟೆಯಲ್ಲಿ ಈಗ ತಬಲಾ, ಹಾರ್ಮೋನಿಯಂ ಅಂಗಡಿಗಳು. ಕತ್ತೆತ್ತಿ ನಡೆಯಿರಿ. ಕೆಳಗೆ ಎಲ್ಲ ಷಟರ್, ಮೇಲಿನ ಮಹಡಿಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹಳೇ ಮರದ ಕಟಾಂಜನ ಉಳಿದಿದೆ.

ಯಾರಾದರೂ ಗೈಡು "ಬೆಂದ ಕಾಳೂರು" ಕಥೆ ಹೇಳಲು ಶುರುಮಾಡಿದರೆ ಬೇಗೂರಿನ ಶಾಸನದ ವಿಷಯ ಕೇಳಿ. ಅಲ್ಲಿ 9ನೇ ಶತಮಾನದ ಕೊನೆಯ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕಾಳು ಬೇಯಿಸಿ ಕೊಟ್ಟ ಅಜ್ಜಿಗಿಂತ ಹೆಸರು ಹಳೆಯದು.

ಸಮಯವಿದ್ದರೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದಲೇ. ದಾರಿಯಲ್ಲಿ ಅದು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ.

ಸೀರೆ ಕೊಳ್ಳುವ ಆಸೆ ಇರುವವರು ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಚಿಕ್ಕಪೇಟೆಯ ಒಂದು ಅಂಗಡಿ ಹೊಕ್ಕರೆ ಮಧ್ಯಾಹ್ನ ಮುಗಿಯಿತು. ಆಟೊದವರು "ಬನ್ನಿ, ಎಂಪೋರಿಯಂ ತೋರಿಸ್ತೀನಿ" ಎಂದರೆ ಬೇಡ ಅನ್ನಿ. ರಸ್ತೆ ಬದಿಯಲ್ಲಿ ಗಂಧದ ಗೊಂಬೆ ಎಂದು ಅಗ್ಗಕ್ಕೆ ಮಾರುವುದಂತೂ ಬೇಡವೇ ಬೇಡ. ಯಾವುದೋ ಮರಕ್ಕೆ ಅತ್ತರು ಸವರಿರುತ್ತಾರೆ, ಎರಡೇ ವಾರಕ್ಕೆ ವಾಸನೆ ಮಾಯ.

ಹೆಜ್ಜೆ 5: ಕೋಟೆ, ಅರಮನೆ

ಎಂಟೂವರೆ ಹೊತ್ತಿಗೆ ಮಾರ್ಕೆಟ್ಟಿನ ದಕ್ಷಿಣಕ್ಕೆ ಬನ್ನಿ. ಡೆಲ್ಲಿ ಗೇಟ್ ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ, ಕೋಟೆ ಎಂದು ಕೇಳಿ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಅದನ್ನು ಹಿಡಿದ. ಉಳಿದಿರುವುದು ಸಣ್ಣ ತುಂಡು. ಪಕ್ಕದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿ ಗುಡಿ. ಅದರ ಪಕ್ಕದಲ್ಲೇ ತೇಗದ ಕಂಬಗಳ ಟಿಪ್ಪು ಅರಮನೆ. ಮೈಸೂರು ಅರಮನೆ ನೋಡಿ ಬಂದವರಿಗೆ "ಇಷ್ಟೇನಾ?" ಅನ್ನಿಸುತ್ತದೆ. ಮೇಲಿನ ಮಹಡಿಯ ಕಟಾಂಜನದಲ್ಲಿ ಹತ್ತು ನಿಮಿಷ ನಿಲ್ಲಿ, ಗಾಳಿ ಬರುತ್ತದೆ. ಬೇಸಿಗೆ ಅರಮನೆ ಎನ್ನುವುದು ಆಗ ಅರ್ಥವಾಗುತ್ತದೆ.

ಹೆಜ್ಜೆ 6: ತಿಂಡಿ, ಎರಡು ಕಂತಿನಲ್ಲಿ

ಮೊದಲ ಕಂತು ಬ್ರಾಹ್ಮಿನ್ಸ್ ಕಾಫಿ ಬಾರ್. ನಿಂತು ತಿನ್ನುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಇಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲಿ ಚಟ್ನಿ ಮಾತ್ರ. ಇಬ್ಬರಿಗೆ ಒಂದು ಪ್ಲೇಟ್ ಇಡ್ಲಿ-ವಡೆ ಸಾಕು. ಎರಡನೇ ಪ್ಲೇಟಿಗೆ ಕೈ ಹೋಗುತ್ತದೆ, ತಡೆಯಿರಿ. ಚಟ್ನಿ ಬೇಕಾದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದುಕೊಂಡೇ ಹೋಗಿ, ಇಡ್ಲಿ ಇಳಿಯಬೇಕಲ್ವಾ. 1943ರ ವಿದ್ಯಾರ್ಥಿ ಭವನದಲ್ಲಿ ಹೆಸರು ಬರೆಸಿ ಹೊರಗೆ ಕಾಯಿರಿ. ಒಳಗೆ ಹೋದ ಮೇಲೆ ಮೆನು ಓದುತ್ತಾ ಕೂರಬೇಡಿ. ಮಸಾಲೆ ದೋಸೆ ಎಂದರೆ ಮುಗಿಯಿತು. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತೆಳು ಚಟ್ನಿ. ತೋಳಿನ ಮೇಲೆ ತಟ್ಟೆಗಳ ಗೋಪುರ ಹೊತ್ತು ಬರುವವರನ್ನು ನೋಡುವುದಕ್ಕಾದರೂ ಹೋಗಬೇಕು. ಇಬ್ಬರಿಗೆ ಒಂದೇ ದೋಸೆ. ಮಲ್ಲೇಶ್ವರದವರು "ಸಿಟಿಆರ್ ಬಿಟ್ಟಿರಲ್ಲ" ಎಂದು ಜಗಳಕ್ಕೆ ಬರುತ್ತಾರೆ. ಬರಲಿ, ಅವರ ಆ ದೋಸೆ ಹೋಟೆಲು ಈ ದಾರಿಯಲ್ಲಿಲ್ಲ. ರೀಲ್ಸ್ ನೋಡಿ ಬೆಣ್ಣೆಯಲ್ಲಿ ಈಜುವ ದೋಸೆ ಹುಡುಕಿಕೊಂಡು ಹೋಗುವವರಿಗೆ ನಾನು ಹೇಳುವುದು ಏನೂ ಇಲ್ಲ.

ಹೆಜ್ಜೆ 7: ಬಸವಣ್ಣ, ಆಮೇಲೆ ಬಂಡೆ

ದೊಡ್ಡ ಬಸವಣ್ಣ ಹತ್ತಿರದಲ್ಲೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಅದಕ್ಕೆಂದೇ ಬಂದರೆ ನಾನು ಇಲ್ಲಿ ಹೇಳಿದ ಕ್ರಮವನ್ನೆಲ್ಲ ಮರೆತು ಕಡಲೆಕಾಯಿ ತಿನ್ನಿ.

ಮಧ್ಯಾಹ್ನ ಊಟ ಬೇಡ. ಮಾಂಸ ತಿನ್ನುವವರು ದೋಸೆ ಬಿಟ್ಟು, ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಹೊಟ್ಟೆ ಉಳಿಸಿಕೊಳ್ಳಬಹುದು. ಎರಡೂ ಅಂದರೆ ಮತ್ತೆ ಬೆಂಚೇ ಗತಿ.

ಬಿಸಿಲು ಇಳಿದ ಮೇಲೆ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಗೆ ಹೋಗಿ, ಮುಖ್ಯದ್ವಾರದ ಕಡೆ ಹೊರಬನ್ನಿ. ಉಲ್ಟಾ ಹೋದರೆ ಎಂಟಿಆರ್ ದೂರವಾಗುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ನೋಡಿ, ಕೊನೆಗೆ ಬಂಡೆ ಹತ್ತಿ. ಮೇಲೆ ಕೆಂಪೇಗೌಡ ಗೋಪುರವಿದೆ, ಕೆಳಗಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಜನ ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಿರುತ್ತಾರೆ, ನೀವೂ ಕೂರಿ.

ಹೆಜ್ಜೆ 8: ಸಂಜೆ, ಒಂದೇ ಒಂದು

ಎಂಟಿಆರ್ ಅಥವಾ ವಿ.ವಿ. ಪುರಂ ತಿಂಡಿ ಬೀದಿ, ಎರಡರಲ್ಲಿ ಒಂದು. ಚಳಿಗಾಲದಲ್ಲಿ ಅವರೆಕಾಯಿ ಸಿಗುವಾಗ ತಿಂಡಿ ಬೀದಿ. ಮಿಕ್ಕ ದಿನ ನನ್ನ ಓಟು ಎಂಟಿಆರ್‌ಗೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ. ಅದನ್ನು ತುಪ್ಪ, ಸಾಗು ಜೊತೆ ತಿನ್ನಿ. ಇದೊಂದನ್ನು ಮಾತ್ರ ಬೈ ಟೂ ಮಾಡಬೇಡಿ.

ಊರಿಗೆ ಕೊಂಡೊಯ್ಯಲು ಕಾಫಿಪುಡಿ ಸಾಕು. ಬೆಳಗ್ಗೆ ಗಾಂಧಿ ಬಜಾರಿನಲ್ಲಿದ್ದಾಗಲೇ ಕೊಂಡಿರಿ. ಎದುರಿಗೇ ಬೀಸಿಸಿಕೊಳ್ಳಿ, ಚಿಕೋರಿ ನೂರಕ್ಕೆ ಇಪ್ಪತ್ತು ದಾಟದಿರಲಿ. ಎರಡು ಕವರ್ ಹಾಕಿಸಿ. ನಾವು ಒಂದೇ ಕವರ್ ಹಾಕಿಸಿದ್ದೆವು. ಭಾವನ ಬಟ್ಟೆ ಬ್ಯಾಗು ಇವತ್ತಿಗೂ ಕಾಫಿ ವಾಸನೆ ಹೊಡೆಯುತ್ತದಂತೆ.