ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕ್ಷಯದ ಅಂಕಿಗಳನ್ನು ಓದಿದ ಬಗೆ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿ ಕೆಲಸ ಮಾಡುವ ನನಗೆ ತ್ರೈಮಾಸಿಕ ಪರಿಶೀಲನಾ ಸಭೆಗಳಲ್ಲಿ ಎದುರಾಗುತ್ತಿದ್ದ ಪ್ರಶ್ನೆಗಳು ಎರಡೇ: ಎಷ್ಟು ರೋಗಿಗಳು ಪತ್ತೆಯಾದರು, ಎಷ್ಟು ಮಂದಿ ಚಿಕಿತ್ಸೆ ಪೂರ್ಣಗೊಳಿಸಿದರು. ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಹೊಸ ರೋಗಿಗಳ ಸಂಖ್ಯೆ ಇಳಿದಾಗ ಸಭೆಯಲ್ಲಿ ಸಮಾಧಾನ ಕಾಣುತ್ತಿತ್ತು. ಆದರೆ ಅದೇ ಅವಧಿಯ ಪ್ರಯೋಗಾಲಯದ ರಿಜಿಸ್ಟರನ್ನು ಪಕ್ಕದಲ್ಲಿಟ್ಟು ನೋಡಿದರೆ ಪರೀಕ್ಷೆಗೆ ಬಂದ ಕಫದ ಮಾದರಿಗಳೇ ಕಡಿಮೆಯಾಗಿದ್ದವು. ಬಂದ ಮಾದರಿಗಳಲ್ಲಿ ರೋಗ ದೃಢಪಟ್ಟವುಗಳ ಪ್ರಮಾಣ ಇಳಿದಿರಲಿಲ್ಲ. ಎಷ್ಟು ಜನರನ್ನು ಪರೀಕ್ಷಿಸಲಾಯಿತು ಎಂಬುದನ್ನು ಕೇಳದೆ ಎಷ್ಟು ರೋಗಿಗಳು ಸಿಕ್ಕರು ಎಂದಷ್ಟೇ ಕೇಳುವ ಸಭೆಯಿಂದ ಹೆಚ್ಚಿನ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ತಾಲ್ಲೂಕಿನ ಒಟ್ಟು ಅಂಕಿಯನ್ನು ಆರೋಗ್ಯ ಉಪಕೇಂದ್ರವಾರು ಬಿಡಿಸಿದಾಗ, ಇಳಿಕೆ ಹೆಚ್ಚಾಗಿ ಲೈನ್ ಮನೆಗಳಿರುವ, ಅಂದರೆ ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳಿರುವ ಕಡೆಯೇ ಇದೆ ಎಂಬುದು ಸ್ಪಷ್ಟವಾಯಿತು. ಅದು ರೋಬಸ್ಟಾ ಕೊಯ್ಲಿನ ಕಾಲ. ಕೊಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುವ ದಿನಗಳಲ್ಲಿ, ಎರಡು ವಾರದ ಕೆಮ್ಮಿಗಾಗಿ ಅರ್ಧ ದಿನದ ಸಂಪಾದನೆ ಬಿಟ್ಟು ಆಸ್ಪತ್ರೆಗೆ ಬನ್ನಿ ಎಂದರೆ ಯಾರು ಬರುತ್ತಾರೆ? ಆದ್ದರಿಂದ ಆಶಾ ಕಾರ್ಯಕರ್ತೆಯರು ಸಂಜೆ ಲೈನ್ ಮನೆಗಳಿಗೆ ಹೋಗಿ, ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವುಗಳನ್ನು ವಿಚಾರಿಸಿ, ಲಕ್ಷಣವಿದ್ದವರಿಂದ ಸ್ಥಳದಲ್ಲೇ ಒಂದು ಮಾದರಿ ಪಡೆದು, ಎರಡನೆಯದಕ್ಕೆ ಹೆಸರು ಬರೆದ ಡಬ್ಬಿಯನ್ನು ಕೊಟ್ಟು, ಮರುದಿನ ಹಾಜರಿಗೆ ಮೊದಲು ಬಂದು ಒಯ್ಯುವ ವ್ಯವಸ್ಥೆ ಮಾಡಿಕೊಂಡೆವು. ಮೇಸ್ತ್ರಿಯ ಎದುರು ಕೇಳಿದರೆ ಯಾರಿಗೂ ಕೆಮ್ಮೇ ಇರುವುದಿಲ್ಲ. ಕೆಲಸ ಹೋದೀತೆಂಬ ಭಯ. ಹಾಗಾಗಿ ಪ್ರಶ್ನೆಗಳನ್ನು ಮನೆಯೊಳಗೇ ಕೇಳಬೇಕಾಗುತ್ತದೆ. ಅಸ್ಸಾಮಿನಿಂದ ಬಂದವರಾದರೆ ಹಿಂದಿ ಬಲ್ಲ ಒಬ್ಬರು ಜೊತೆಗಿರಬೇಕು.

ಚಿಕಿತ್ಸೆ ಅರ್ಧಕ್ಕೆ ಬಿಟ್ಟವರ ವಿಷಯ ಇದಕ್ಕಿಂತ ಕಠಿಣವಾಗಿತ್ತು. ವರದಿಯಲ್ಲಿ ಅವರೆಲ್ಲರೂ ಒಂದೇ ಸಾಲಿನ ಒಂದು ಸಂಖ್ಯೆ. ಕೊನೆಯ ಬಾರಿ ಮಾತ್ರೆ ಪಡೆದ ತಿಂಗಳಿನ ಪ್ರಕಾರ ಅವರ ಕಾರ್ಡುಗಳನ್ನು ಜೋಡಿಸಿ ನೋಡಿದಾಗ ಹೆಚ್ಚಿನವು ಮಾರ್ಚ್ ಮತ್ತು ಏಪ್ರಿಲ್ ತಿಂಗಳಿಗೇ ಬಿದ್ದವು. ಕೊಯ್ಲು ಮುಗಿಯುತ್ತಲೇ ತಂಡಗಳು ಬೇರೆ ತೋಟಕ್ಕೋ ಊರಿಗೋ ಹೊರಡುತ್ತವೆ. ಡಿಸೆಂಬರಿನಲ್ಲಿ ಆರು ತಿಂಗಳ ಚಿಕಿತ್ಸೆ ಆರಂಭಿಸಿದವರಿಗೆ ಆ ಹೊತ್ತಿಗೆ ಮೊದಲ ಎರಡು ತಿಂಗಳ ತೀವ್ರ ಹಂತ ಮುಗಿದು, ಕೆಮ್ಮು ನಿಂತು, ಊಟ ರುಚಿಸತೊಡಗಿರುತ್ತದೆ. ಅಂಥವರಿಗೆ ಅರಿವು ಮೂಡಿಸಬೇಕೆಂಬ ಸಲಹೆ ಸಭೆಯಲ್ಲಿ ಬಂತು. ನನಗದು ಒಪ್ಪಿಗೆಯಾಗಲಿಲ್ಲ, ಏಕೆಂದರೆ ಕಾರ್ಡುಗಳು ತೋರಿಸುತ್ತಿದ್ದುದು ಪ್ರಯಾಣವನ್ನು. ನೋಂದಣಿಯ ದಿನವೇ ಈಗಿನ ವಿಳಾಸದ ಜೊತೆಗೆ ಕೊಯ್ಲು ಮುಗಿದ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ಮನೆಯವರೊಬ್ಬರ ಮೊಬೈಲ್ ಸಂಖ್ಯೆಯನ್ನೂ ಬರೆದುಕೊಳ್ಳತೊಡಗಿದೆವು. ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣವಾದ ನಿಕ್ಷಯ್‌ನ ಗುರುತಿನ ಸಂಖ್ಯೆ ದೇಶದ ಎಲ್ಲ ಕಡೆಯೂ ನಡೆಯುವುದರಿಂದ, ಹೊರಡುವ ಮುನ್ನವೇ ವರ್ಗಾವಣೆ ದಾಖಲಿಸಿ, ದಾರಿಯಲ್ಲಿ ಕಡಿತವಾಗದಷ್ಟು ಮಾತ್ರೆಗಳನ್ನು ಕೊಟ್ಟು ಕಳುಹಿಸಬಹುದು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಾಗಿ ಆರಂಭವಾಗಿ 2024ರ ನವೆಂಬರಿನಿಂದ 1,000 ರೂಪಾಯಿಯಾದ ಪೋಷಣಾ ಸಹಾಯಧನವೂ ಅದೇ ಸಂಖ್ಯೆಯ ಮೂಲಕ ಮುಂದುವರಿಯುತ್ತದೆ ಎಂದು ತಿಳಿಸಿದರೆ ರೋಗಿಗಳೇ ಆ ಸಂಖ್ಯೆ ಬರೆದ ಚೀಟಿಯನ್ನು ಜೋಪಾನ ಮಾಡುತ್ತಾರೆ.

ಮಳೆಗಾಲದಲ್ಲೂ ಮಾದರಿಗಳು ಇಳಿಯುತ್ತವೆ, ಅದಕ್ಕೆ ಕಾರಣ ಬೇರೆ: ರಸ್ತೆ ಮತ್ತು ವಿದ್ಯುತ್. ಕಫದಲ್ಲಿ ಕ್ಷಯದ ರೋಗಾಣುವನ್ನು ಪತ್ತೆಹಚ್ಚುವ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರ ಅಲ್ಲಿ ಸ್ವಲ್ಪ ಆಸರೆ.

ಉದ್ದದ ವರದಿಯನ್ನು ಯಾರೂ ಓದುವುದಿಲ್ಲವಾದ್ದರಿಂದ ಪ್ರತಿ ಉಪಕೇಂದ್ರಕ್ಕೆ ಅರ್ಧ ಹಾಳೆ ಸಿದ್ಧಪಡಿಸುತ್ತೇನೆ: ಕಳೆದ ವರ್ಷದ ಇದೇ ತಿಂಗಳಲ್ಲಿ ಬಂದ ಮಾದರಿಗಳು, ಈ ವರ್ಷ ಬಂದವು, ಮಾತ್ರೆ ಪಡೆಯಲು ತಡವಾದವರು. ತೋಟದ ರೈಟರಿಗೆ, ಅಂದರೆ ಲೆಕ್ಕ ಬರೆಯುವ ಗುಮಾಸ್ತರಿಗೆ, ಕೊಡುವ ಪ್ರತಿಯಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ. ಮರು ವರ್ಷ ಹೋಲಿಸಿದಾಗ ಡಬ್ಬಿ ತಲುಪಿದ ತೋಟಗಳಲ್ಲಿ ಮಾದರಿಗಳ ಇಳಿಕೆ ಕಡಿಮೆಯಾಗಿತ್ತು. ರೈಟರ್ ಬದಲಾದ ಕಡೆ ಮತ್ತೆ ಹಳೆಯ ಸ್ಥಿತಿಯೇ ಕಂಡಿತು. ಹೀಗಾಗಿ ಕೊಯ್ಲು ಆರಂಭವಾಗುವ ಮುನ್ನ ಯಾವ ತೋಟಕ್ಕೆ ಹೊಸ ರೈಟರ್ ಬಂದಿದ್ದಾರೆಂದು ವಿಚಾರಿಸಿ, ಮೊದಲ ಭೇಟಿಗಳನ್ನು ಆ ತೋಟಗಳಿಗೇ ಇಟ್ಟುಕೊಳ್ಳುತ್ತೇನೆ.